ತಗಣಿ ಹೊಡಿಯಾಂವನ ಗಾಡಿ ಯಾರ ಮನಿ ಮುಂದ?

ತಗಣಿ ಹೊಡಿಯೋ ಕಸುಬಿನಾಗ ನಗಲಾರದ ವಾರ ಅಂತ ಒಂದೂ ಬರಂಗಿಲ್ಲ ನೋಡ್ರಿ. ತಗಣಿ ಅಂದ್ರ ಅದ ರೀ, ಹಾಸಿಗ್ಯಾಗ ಅಡಗಿ ಕುಂತು ರಕ್ತ ಹೀರೋ ತಿಗಣಿ. ನಡುವ ಒಂದಿಷ್ಟು ವರ್ಷ ಎಲ್ಲಿ ಹೋಗಿದ್ವೋ ಏನೋ, ಮಂದಿ ಮರತೇಬಿಟ್ಟಿದ್ರು. ಈಗ ಬಸ್ಸು, ಲಾಡ್ಜು, ಹಾಸ್ಟೆಲ್ ಪೆಟ್ಟಿಗಿ, ಹಳೇ ಸೋಫಾ ಹಿಡಕೊಂಡು ಹೊಳ್ಳಿ ಬಂದಾವ. ಮೊದಲಿನ ಪೌಡರಿಗೆ ಅಂಜಂಗೂ ಇಲ್ಲ. ಸಿಂಧನೂರಾಗ ಅವು ಅಂಜೋದು ನನಗೊಬ್ಬನಿಗೆ. ಲಿಂಗಸುಗೂರು, ಮಸ್ಕಿ ಕಡಿಂದನೂ ಫೋನ್ ಬರ್ತಾವ. "ನಮ್ಮ ಮನ್ಯಾಗ ಒಂದ ಒಂದು ತಗಣಿ ತೋರಿಸ್ರಿ, ಅವತ್ತ ಕಸುಬು ಬಿಡ್ತೀನಿ" ಅಂತ ಎಲ್ಲಾರ ಮುಂದ ಎದಿ ತಟ್ಟಿ ಹೇಳಾಂವ ನಾ.

ಹಸಿರು ಗೇಟು

ಲಿಂಗಸುಗೂರಿಂದ ಒಬ್ಬ ಅಕ್ಕಾರು ಫೋನ್ ಮಾಡಿ, "ಗಾಡಿ ನಮ್ಮ ಮನಿ ಮುಂದ ನಿಲ್ಲಿಸ್ಬ್ಯಾಡ್ರಿ. ಬಾಜೂಕ ಹಸಿರು ಗೇಟಿನ ಮನಿ ಐತಿ, ಅಲ್ಲಿ ನಿಲ್ಲಿಸಿ ನಡಕೊಂತ ಬರ್ರಿ" ಅಂದ್ರು. ಯಾಕಂದ್ರ ನನ್ನ ಗಾಡಿ ಹಿಂದ ತಗಣಿ ಕೊಲ್ಲೋ ಎಣ್ಣಿ ಹೊಡಿಯೋ ಡಬ್ಬಿ ಕಟ್ಟಿರ್ತೈತಿ, ನೋಡಿದಾರಿಗೆ ಗೊತ್ತಾಕ್ಕೈತಿ. ಹಂಗ ಮಾಡಿದೆ.

ಕೆಲಸ ಮುಗಿಸಿ ಬರೋದ್ರಾಗ ಹಸಿರು ಗೇಟಿನ ಯಜಮಾನ್ರು ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತಾರ! "ಏನ್ ಸ್ವಾಮಿ, ನಮ್ಮ ಮನಿ ಮುಂದ ಯಾಕ ನಿಲ್ಲಿಸೀರಿ? ಓಣಿ ಮಂದಿ ಏನ್ ತಿಳ್ಕೋಬೇಕು? ನಮಗ ಮಾನ ಮರ್ಯಾದಿ ಇಲ್ಲೇನು?" ಅಂತ ಇಡೀ ಓಣಿ ಕೇಳೋಹಂಗ ಒದರಾಡಿದ್ರು. ನಾ ಕೈ ಮುಗದು ಗಾಡಿ ಚಾಲೂ ಮಾಡಿದೆ. ಅವರು ಸನೇಕ ಬಂದು, ದನಿ ಸಣ್ಣ ಮಾಡಿ, "ನಾಳಿ ನಮ್ಮ ಮನೀಗೂ ಬರ್ರಿ. ಗಾಡಿ ಆ ಅಕ್ಕಾರ ಮನಿ ಮುಂದ ನಿಲ್ಲಿಸ್ರಿ" ಅಂದ್ರು.

ಶ್ರಾವಣ ಸೋಮವಾರ

ಮಸ್ಕಿಯೊಳಗ ಒಬ್ಬಾಕಿ ಅಜ್ಜಿ ಕರೆಸಿದ್ಲು. ಅಕಿ ಮಲಗೋ ಹೊರಸು ಮಗ್ಗಲಾ ಮಾಡಿ, ಸಂದ್ಯಾಗ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಒಂದು ಸಂಸಾರ ಅಲ್ಲ, ಇಡೀ ಬಳಗ! ಎಣ್ಣಿ ಹೊಡಿಬೇಕು ಅನ್ನೋದ್ರಾಗ ಅಜ್ಜಿ ಕೈ ಹಿಡದ್ಲು.

"ತಡೀಪಾ, ಇವತ್ತ ಶ್ರಾವಣ ಸೋಮವಾರ. ನಮ್ಮ ಮನ್ಯಾಗ ಜೀವ ಕೊಲ್ಲಂಗಿಲ್ಲ."

"ಮತ್ತ ನನ್ನ ಯಾಕ ಕರೆಸಿದಿ ಅಜ್ಜಿ?"

"ಇವತ್ತ ಬರೇ ಅಂಜಿಸಿ ಹೋಗು. ನಾಳಿ ಬಂದು ಕೊಲ್ಲುವಂತಿ!"

ಮುದಗಲ್ ಬೀಗರು

ಈಗ ನನ್ನ ಮನಿ ಮಾತು. ಮಗಳನ್ನ ನೋಡಾಕ ಮುದಗಲ್ಲಿಂದ ಗಂಡಿನ ಕಡ್ಯಾರು ಬರೋರಿದ್ರು. ಅಕಿಗೆ ಹುಡುಗ ಭಾಳ ಮನಸಿಗೆ ಬಂದಿದ್ದ. "ಅಪ್ಪಾ, ನಿನ್ನ ಬಡಾಯಿ ಒಳಗ ಸಂಬಂಧ ಕೆಡಿಸ್ಬ್ಯಾಡ" ಅಂತ ಮೊದಲ ಹೇಳಿಟ್ಟಿದ್ಲು.

ಮನ್ಯಾಗ ಇದ್ದವು ಬರೇ ಪ್ಲಾಸ್ಟಿಕ್ ಕುರ್ಚಿ. ನಮ್ಮ ಅಂತಸ್ತಿಗೆ ಶೋಭಿಸಂಗಿಲ್ಲ ಅಂತ ಹಿಂದಿನ ದಿನ ಒಂದು ಹಳೇ ಸಾಗವಾನಿ ಸೋಫಾ ಹೇರಿಸ್ಕೊಂಡು ಬಂದೆ. "ಹಳೇ ಸೋಫಾ ತಂದ್ರ ಮೊದಲ ಸಂದಿ ನೋಡ್ರಿ" ಅಂತ ಮೂರೂ ಊರಿಗೆ ಬುದ್ಧಿ ಹೇಳಾಂವ ನಾ, ಗಡಿಬಿಡ್ಯಾಗ ನಾನ ನೋಡ್ಲಿಲ್ಲ.

ಹುಡುಗನ ಅಪ್ಪಾರು ಸೋಫಾದ ಮ್ಯಾಲ ಕುಂತ್ರು. ತಿನ್ನಾಕ ಮಂಡಕ್ಕಿ ಒಗ್ಗರಣಿ-ಮಿರ್ಚಿ ಬಂತು. ನಾ ತಡಕೋಬೇಕಲ್ಲ! "ನಮ್ಮ ಮನ್ಯಾಗ ಒಂದು ತಗಣಿ ತೋರಿಸ್ರಿ..." ಅಂತ ಚಾಲೂ ಮಾಡಿದೆ. ಅಷ್ಟರಾಗ ಅವರು ತೊಡಿ ಕೆರಕೊಂಡ್ರು. ಆಮ್ಯಾಲ ಬೆನ್ನು. ನೋಡ್ತೀನಿ, ಸೋಫಾದ ಕೈ ಮ್ಯಾಲ ಒಂದು ತಗಣಿ ಆರಾಮ ಹೊಂಟೈತಿ! ಬಾಗಲದಾಗ ನಿಂತಿದ್ದ ಮಗಳ ಕಣ್ಣಾಗ ನೀರು ಬಂದ್ವು. ಅವರೂ ನೋಡಿದ್ರು. ಎದ್ದು, "ಸ್ವಲ್ಪ ಹೊರಗ ಬರ್ರಿ" ಅಂದ್ರು. ಸಂಬಂಧನೂ ಹೋತು, ಕಸುಬೂ ಹೋತು ಅಂದ್ಕೊಂಡು ಹಿಂದ ಹೋದೆ.

ಅವರು ನನ್ನ ಎರಡೂ ಕೈ ಹಿಡ್ಕೊಂಡ್ರು. "ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮಂಥವರ ಮನ್ಯಾಗ ತಗಣಿ ಎಲ್ಲಿಂದ ಬರಬೇಕು? ನನ್ನ ಶಲ್ಯದಾಗ ನಮ್ಮ ಮನಿದ ಬಂದೈತಿ. ಯಾರ ಮುಂದೂ ಹೇಳ್ಬ್ಯಾಡ್ರಿ, ನಮ್ಮ ಮರ್ಯಾದಿ ಹೋಕ್ಕೈತಿ."

ನಾ ದೊಡ್ಡ ಮನಸು ಮಾಡಿ, "ಇರ್ಲಿ ಬಿಡ್ರಿ ಬೀಗರ, ನಾನ ಬಂದು ಹೊಡದು ಕೊಡ್ತೀನಿ" ಅಂದೆ. ಅವತ್ತ ಮಾತು ಪಕ್ಕಾ ಆತು. ಅವರು ಹೋದಮ್ಯಾಲ ಮಗಳು ಕಣ್ಣು ಒರಸ್ಕೊಂತ ನಕ್ಕು ಕೇಳಿದ್ಲು, "ಅಪ್ಪಾ, ಕಸುಬು ಯಾವಾಗ ಬಿಡ್ತೀ?"

ಕೊಟ್ಟ ಮಾತು ಬಿಡಂಗಿಲ್ಲ ನಾ. ಮುದಗಲ್ಲಿಗೆ ಹೋಗಿ, ಗಾಡಿ ಬಾಜೂ ಮನಿ ಮುಂದ ನಿಲ್ಲಿಸಿ, ಬೀಗರ ಮನಿ ಮೂಲಿ ಮೂಲಿ ಹುಡುಕಿದೆ. ಹೆಸರಿಗೂ ಒಂದು ತಗಣಿ ಇಲ್ಲ! ಡಬ್ಬಿಯೊಳಗ ಬರೇ ನೀರು ತುಂಬಿ, ಸಂದಿ ಸಂದಿಗೆ ಹೊಡದು ಬಂದೆ. ಈಗ ಬೀಗರು ಊರ ತುಂಬ ಹೇಳ್ಕೊಂತ ತಿರಗಾಕತ್ತಾರ: "ನಮ್ಮ ಬೀಗರದು ಏನ್ ಕೈಗುಣ ರೀ! ಒಮ್ಮೆ ಬಂದು ಹೊಡದು ಹೋದ್ರು, ಅವತ್ತಿಂದ ಒಂದೂ ತಗಣಿ ಕಂಡಿಲ್ಲ!"