ಇಪ್ಪತ್ನಾಲ್ಕು ಜನಕ್ಕೆ ಒಬ್ಬರೇ ಅತ್ತೆ

ಸರ್ಕಾರಿ ನೌಕರಿಯಲ್ಲಿ ಇಪ್ಪತ್ತೇಳು ವರ್ಷ ಸವೆಸಿದವನಿಗೆ ನಾಲ್ಕು ಜನರಿಂದ ಒಂದು ನಮೂನೆ ತುಂಬಿಸುವುದು ಯಾವ ಮಹಾ ಕೆಲಸ? ಹಾಗಂತ ನಾನು ಅಂದುಕೊಂಡಿದ್ದೆ. ಅಂದುಕೊಂಡು ಸುಮ್ಮನಿರದೆ ಹೆಂಡತಿ ಸುಜಾತಳ ಮುಂದೆ ಹೇಳಿಯೂ ಬಿಟ್ಟಿದ್ದೆ. ಅದೇ ತಪ್ಪು!

ಮಂಡ್ಯದ ಜಿಲ್ಲಾ ಕಚೇರಿಯಿಂದ ಮದ್ದೂರಿನ ನಮ್ಮ ಕಚೇರಿಗೆ ಒಂದು ಸುತ್ತೋಲೆ ಬಂತು. ಇಲಾಖೆಯ ಹೆಸರು ಬೇಡ, ಈಗಾಗಲೇ ಹೋಗಿರುವ ಮಾನ ಸಾಕು. ವಿಷಯ: ಸಿಬ್ಬಂದಿಯ ವೈವಿಧ್ಯ ಮಾಹಿತಿ ಸಂಗ್ರಹ. ಗಂಡೋ ಹೆಣ್ಣೋ, ವಯಸ್ಸೆಷ್ಟು, ಮನೆಯಲ್ಲಿ ಯಾವ ಭಾಷೆ, ದೇಹದಲ್ಲಿ ಏನಾದರೂ ನ್ಯೂನತೆ ಇದೆಯೇ, ಮನೆಯಲ್ಲಿ ಯಾರ ಆರೈಕೆ ಮಾಡುತ್ತೀರಿ, ಇದನ್ನೆಲ್ಲ ಗೌಪ್ಯವಾಗಿಡಬೇಕೆ, ಹೌದು ಅಥವಾ ಇಲ್ಲ. ಹೆಸರು ಬರೆಯುವಂತಿಲ್ಲ. ಕವರು ಅಂಟಿಸಿ ಕೊಡಬೇಕು, ಒಡೆದು ನೋಡಬಾರದು. ಕೊನೆಯಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಮಾಹಿತಿ ನೀಡುವುದು ಸಂಪೂರ್ಣ ಸ್ವಯಂಪ್ರೇರಿತ. ಎಲ್ಲಾ ಸಿಬ್ಬಂದಿಯೂ ತಪ್ಪದೆ ನೀಡತಕ್ಕದ್ದು.’

ಈ ಘನಕಾರ್ಯಕ್ಕೆ ನೋಡಲ್ ಅಧಿಕಾರಿ ಯಾರು? ನಾನೇ! ಸೂಪರಿಂಟೆಂಡೆಂಟ್ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಹೊಸ್ತಿಲ ಮೇಲೆ ನಿಂತಿತ್ತು. ಇದನ್ನು ಚೆನ್ನಾಗಿ ಮಾಡಿದರೆ ಒಳಗೆ, ಕೆಡಿಸಿದರೆ ಹೊರಗೆ. ಅದೂ ಅಲ್ಲದೆ ಮಳವಳ್ಳಿ ಕಚೇರಿಯವರು ನಮಗಿಂತ ಮೊದಲು ಕವರು ಕಳಿಸಿಬಿಟ್ಟರೆ ನಾನು ಮುಖ ಎಲ್ಲಿಡಲಿ?

ಮೊದಲ ದಿನ ಒಬ್ಬರೂ ನಮೂನೆ ಮುಟ್ಟಲಿಲ್ಲ. ಜಾತಿ ಕೇಳಿಲ್ಲ ಅಂದಮೇಲೆ ಇದರಲ್ಲಿ ಇನ್ನೇನೋ ಮಸಲತ್ತಿದೆ ಅಂತ ಎಲ್ಲರಿಗೂ ಗುಮಾನಿ. “ಮೊದಲು ನೀವು ತುಂಬಿ ಸಾರ್, ಆಮೇಲೆ ನೋಡೋಣ” ಅಂದರು.

ಸರಿ, ಮನೆಗೆ ತಂದು ತುಂಬಲು ಕೂತೆ. ಪುರುಷ. ಐವತ್ತೆರಡು. ಕನ್ನಡ. ನ್ಯೂನತೆ ಅನ್ನುವ ಕಡೆ ಪೆನ್ನು ನಿಂತಿತು. ಈಗ ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಉಪಯೋಗ? ನನಗೆ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ. ಹಸಿರು ಸೀರೆ ಕೇಳಿದ ಹೊಸ ಹೆಂಡತಿಗೆ ಕೆಂಪು ಸೀರೆ ತಂದುಕೊಟ್ಟು, “ಹಸಿರು ನಿನಗೆ ಎಷ್ಟು ಒಪ್ಪುತ್ತೆ!” ಅಂದಿದ್ದರಿಂದ ಅವಳಿಗೊಬ್ಬಳಿಗೆ ತಿಳಿದಿತ್ತು. ಕಚೇರಿಯಲ್ಲಿ ಯಾರಿಗೂ ಸುಳಿವು ಕೊಟ್ಟಿರಲಿಲ್ಲ. ಗೊತ್ತಾದರೆ ಬಡ್ತಿ ಹೋಗುತ್ತೆ, ಜೊತೆಗೆ ನಗೆಪಾಟಲು ಅಂತ ಹೆದರಿಕೆ.

“ಹೆಸರೇ ಇಲ್ವಲ್ಲ, ಬರೀರಿ” ಅಂದಳು ಸುಜಾತ. “ಒಂದು ಸಲ ಯಾರಿಗಾದರೂ ನಿಜ ಹೇಳಿ.”

ಬರೆದೆ! ಆರೈಕೆಯ ಕಡೆ ‘ಅತ್ತೆ, ಒಬ್ಬರು, ಮಂಡಿನೋವು’ ಎಂದು ತುಂಬಿದೆ. ಗೌಪ್ಯವಾಗಿಡಬೇಕೆ? ‘ಹೌದು’ ಎಂದು ಎರಡು ಸಲ ಟಿಕ್ ಹಾಕಿದೆ. ಸುಜಾತ ನನ್ನದನ್ನು ಕೆಂಪು ಫೋಲ್ಡರಿಗೂ ಖಾಲಿ ನಮೂನೆಯನ್ನು ಹಸಿರು ಫೋಲ್ಡರಿಗೂ ಹಾಕಿ, ನಾನು ಎಡವಬಾರದೆಂದು ಒಳಮಡಿಕೆಯಲ್ಲಿ ಸಣ್ಣದಾಗಿ ‘ಕೆ’, ‘ಹ’ ಎಂದು ಬರೆದುಕೊಟ್ಟಳು. ಇಂಥ ಹೆಂಡತಿ ಇದ್ದಮೇಲೆ ಇನ್ನೇನು ಭಯ!

ಮಾರನೇ ದಿನ ಕಚೇರಿಗೆ ಹೋಗಿ, ಮಡಿಕೆ ಬಿಡಿಸಿ ಅಕ್ಷರ ನೋಡಿ, ಎರಡನ್ನೂ ಮೇಜಿನ ಮೇಲಿಟ್ಟೆ. ನಮ್ಮ ಅಟೆಂಡರ್ ಪುಟ್ಟತಾಯಮ್ಮ ಯಲಿಯೂರಿನಿಂದ ಬರುವ ಹೆಂಗಸು, ಹದಿನೈದು ವರ್ಷದಿಂದ ನನ್ನ ಕೈಕೆಳಗೇ ಇದ್ದಾಳೆ. “ಪುಟ್ಟತಾಯಮ್ಮ, ಆ ಹಸಿರು ಫೋಲ್ಡರಿನಲ್ಲಿರೋದು ಇಪ್ಪತ್ಮೂರು ಜೆರಾಕ್ಸ್ ಮಾಡಿಸು. ಒಂದೊಂದು ಕವರಿಗೆ ಹಾಕಿ ಎಲ್ಲರಿಗೂ ಹಂಚು. ಒಳಗೆ ನೋಡಬೇಡ, ಗೌಪ್ಯ” ಅಂದೆ. ಜೀವನದಲ್ಲಿ ಮೊದಲ ಸಲ ಒಂದು ಬಣ್ಣದ ಹೆಸರನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದೆ. ಅವಳು ಫೋಲ್ಡರು ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದಳು.

ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಪವಾಡ! ಇಪ್ಪತ್ಮೂರು ಕವರುಗಳೂ ಅಂಟಿಸಿಕೊಂಡು ಮೇಜಿನ ಮೇಲೆ ಕೂತಿದ್ದವು. ನಿನ್ನೆ ಮುಟ್ಟದವರು ಇವತ್ತು ಅರ್ಧ ಗಂಟೆಯಲ್ಲಿ! ನನ್ನ ನಿಜದ ಬಲ ಅಂದುಕೊಂಡೆ. ಮೇಜಿನ ಮೇಲಿದ್ದ ‘ಕೆ’ ಫೋಲ್ಡರಿನಿಂದ ನನ್ನದನ್ನೂ ತೆಗೆದು ಕವರಿಗೆ ಹಾಕಿ ಸೇರಿಸಿ, ಮಂಡ್ಯದ ಬಸ್ಸು ಹತ್ತಿ, ಸಂಬಂಧಪಟ್ಟ ಮೇಡಂ ಕೈಗೇ ಕೊಟ್ಟೆ. ಮಳವಳ್ಳಿಯಿಂದ ನಾಲ್ಕೇ ನಾಲ್ಕು ಕವರು ಬಂದಿದೆಯೆಂದು ತಿಳಿದಾಗ ನನಗಾದ ಆನಂದವನ್ನು ಇಲ್ಲಿ ವರ್ಣಿಸುವುದು ಸಭ್ಯತೆಯಲ್ಲ.

ಮೂರನೇ ದಿನ ಮೇಡಂ ಕರೆಸಿದರು. ಶಹಬ್ಬಾಸ್‌ಗಿರಿ ಕೊಡಲು ಇರಬೇಕೆಂದು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೋದೆ.

“ಏನ್ರೀ ಇದು?” ಅಂದರು ಮೇಡಂ. ಮೇಜಿನ ತುಂಬಾ ನಮೂನೆಗಳು. “ನಿಮ್ಮ ಕಚೇರಿಯಲ್ಲಿ ಹೆಂಗಸರೇ ಇಲ್ವಾ?”

“ಒಂಬತ್ತು ಜನ ಇದ್ದಾರೆ ಮೇಡಂ.”

“ಇದರ ಪ್ರಕಾರ ಇಪ್ಪತ್ನಾಲ್ಕು ಜನವೂ ಗಂಡಸರು. ಎಲ್ಲರಿಗೂ ಐವತ್ತೆರಡು ವಯಸ್ಸು. ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಅತ್ತೆ, ಎಲ್ಲಾ ಅತ್ತೆಯರಿಗೂ ಮಂಡಿನೋವು! ಇಡೀ ಕಚೇರಿಗೆ ಕೆಂಪು ಹಸಿರು ಗೊತ್ತಾಗಲ್ಲ! ಎಲ್ಲರ ಅಕ್ಷರವೂ ಒಂದೇ, ಟಿಕ್ಕೂ ಎರಡೆರಡು! ಮನೆಯಲ್ಲಿ ಕೂತು ಒಂದು ತುಂಬಿ ಜೆರಾಕ್ಸ್ ಮಾಡಿಸ್ಕೊಂಡು ಬಂದ್ರಾ? ಇದು ದಾಖಲೆ ಸೃಷ್ಟಿ ಅಂತ ನಿಮಗೆ ಗೊತ್ತಲ್ವಾ?”

ನೋಟಿಸು, ವಿಚಾರಣೆ, ಬಡ್ತಿಗೆ ತಿಲಾಂಜಲಿ, ಎಲ್ಲವೂ ಕಣ್ಣ ಮುಂದೆ ಬಂದವು. ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ, ನನ್ನ ಗುಟ್ಟು ಬಿಚ್ಚುವುದು. “ಮೇಡಂ, ಆ ಅಕ್ಷರ ನನ್ನದೇ. ಆ ಕಣ್ಣೂ ನನ್ನದೇ, ಅತ್ತೆಯೂ ನನ್ನವರೇ. ಬಡ್ತಿ ಹೋಗುತ್ತೆ ಅಂತ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಆದರೆ ಜೆರಾಕ್ಸ್ ಮಾಡಿಸಿದ್ದು ಖಾಲಿ ನಮೂನೆ, ದೇವರಾಣೆ!” ಅಂದೆ.

“ಯಾರು ಮಾಡಿಸಿದ್ದು? ಫೋನ್ ಮಾಡಿ, ಸ್ಪೀಕರ್ ಹಾಕಿ.”

ಪುಟ್ಟತಾಯಮ್ಮ ಎತ್ತಿದಳು. “ನಾನು ಹಸಿರು ಫೋಲ್ಡರು ಅಂದಿದ್ದೆ ತಾನೆ? ನೀನು ಯಾವುದು ತಗೊಂಡು ಹೋದೆ?” ಅಂದೆ.

“ಕೆಂಪುದ್ನ ಸಾ.”

“ಯಾಕೆ?”

“ಅಯ್ಯೋ, ನೀವು ಅಸ್ರು ಅಂದ್ರೆ ನಾನು ಕೆಂಪು ತಾನೆ ತಕಳದು? ಅದ್ನೈದು ವರ್ಸದಿಂದ ಅಂಗೇ ಅಲ್ವಾ ನಡ್ಕಂಡು ಬಂದಿರದು?”

ಮೇಡಂ ಪೆನ್ನು ಕೆಳಗಿಟ್ಟರು. “ನಿನಗೆ ಯಾರು ಹೇಳಿದರು?” ಅಂತ ಹೇಗೋ ಕೇಳಿದೆ.

“ಯಾರ್ ಯೋಳ್ಬೇಕು ಸಾ? ಅರ್ಜೆಂಟ್ ಫೈಲ್ಗೆ ನೀವು ಅಸ್ರು ದಾರ ಕಟ್ತೀರಿ, ಮಾಮೂಲಿದಕ್ಕೆ ಕೆಂಪು. ನಾವೇ ತಿರುಗಾಮುರುಗಾ ಮಾಡ್ಕಂಡು ಆಫೀಸ್ ನಡೆಸ್ತಾ ಇಲ್ವಾ? ನಿಮ್ಗೆ ಬೇಜಾರಾಯ್ತದೆ ಅಂತ ಯಾರೂ ಬಾಯಿ ಬುಡ್ನಿಲ್ಲ. ಅವತ್ತು ಒಂದಿನ ಸರ್ಯಾಗಿ ಯೋಳ್ಬುಟ್ಟಿದ್ದೀರಿ ಅಂತ ನಂಗೇನ್ ಗೊತ್ತು? ಇವತ್ತು ಸರ್ಯಾಗಿ ಯೋಳ್ತೀನಿ ಕಣಮ್ಮ ಅಂತ ಮೊದ್ಲೇ ಯೋಳ್ಬಾರ್ದಾ ಸಾ!”

“ತುಂಬಿದ ನಮೂನೆ ಕೊಟ್ಟರೂ ಯಾರೂ ಏನೂ ಕೇಳಲಿಲ್ವಾ?” ಮೇಡಂ ಕೇಳಿದರು.

“ನಮ್ಮಲ್ಲಿ ಯಾವ ಕಾಗ್ದಾನೂ ತುಂಬೇ ಬರದು ಮೇಡಮ್ಮೋರೆ. ನಾವು ಸೈನ್ ಆಕದು ಅಷ್ಟೇಯ. ಇದ್ಕೆ ಸೈನೂ ಬ್ಯಾಡ ಅಂದ್ರು, ಇನ್ನೂ ಸಲೀಸಾಯ್ತು. ಟೈಪಿಸ್ಟ್ ಉಡ್ಗಿಗೆ ಇನ್ನೂ ಮದ್ವೆ ಆಗಿಲ್ಲ. ಅತ್ತೆ ಅಂತ ಐತಲ್ಲ ಅಂದ್ಳು. ಬುಡವ್ವ, ಮುಂದಕ್ಕೆ ಆಯ್ತದೆ ಅಂದೆ.”

ಮೇಡಂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಬಡ್ತಿಗೂ ಬಣ್ಣಕ್ಕೂ ಏನ್ರೀ ಸಂಬಂಧ? ಹೋಗಿ, ಖಾಲಿ ನಮೂನೆ ಹಂಚಿ” ಎಂದು ಹೊಸ ಕಟ್ಟು ಕೈಗಿತ್ತರು. ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು. ಹದಿನೈದು ವರ್ಷ ಇಪ್ಪತ್ಮೂರು ಜನ ನನ್ನ ಗುಟ್ಟನ್ನು ನನ್ನಿಂದಲೇ ಗುಟ್ಟಾಗಿ ಕಾಪಾಡಿದ್ದರು. ನಾನು ಮಾತ್ರ ಬಲು ಜಾಣ ಅಂದುಕೊಂಡು ಓಡಾಡುತ್ತಿದ್ದೆ.

ಕಚೇರಿಗೆ ಬಂದವನೇ ಎಲ್ಲರೆದುರು ನನ್ನ ನಮೂನೆ ತುಂಬಲು ಕೂತೆ. ಗೌಪ್ಯವಾಗಿಡಬೇಕೆ? ನನ್ನ ಬೆನ್ನ ಹಿಂದಿನಿಂದ ಪುಟ್ಟತಾಯಮ್ಮ, “ಇಲ್ಲ ಅಂತ ಆಕಿ ಸಾ, ಇನ್ನು ಯಾರ್ಗ್ ಗೊತ್ತಾಗ್ಬೇಕು?” ಅಂದಳು. ಮೇಜಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಕೆಂಪು ಪೆನ್ನು ಎತ್ತಿಕೊಂಡು, ‘ಇಲ್ಲ’ ಎನ್ನುವುದರ ಮುಂದೆ ಧೈರ್ಯವಾಗಿ ದಪ್ಪನೆಯ ಟಿಕ್ ಎಳೆದೆ.

“ಸಾ,” ಅಂದಳು ಪುಟ್ಟತಾಯಮ್ಮ ಮೆಲ್ಲಗೆ, “ಅದು ಸಾಯೇಬ್ರ ಅಸ್ರು ಪೆನ್ನು.”

ಹಸಿರು ಶಾಯಿ ನಮ್ಮ ಸಾಹೇಬರಂಥ ಗೆಜೆಟೆಡ್ ಅಧಿಕಾರಿಗಳಿಗೆ ಮಾತ್ರ ಮೀಸಲು. ಅಲ್ಲಿಗೆ ಮುಟ್ಟಲು ನನಗೆ ಇನ್ನೂ ಎರಡು ಬಡ್ತಿ ಬೇಕು!