ಪ್ಲಾಸ್ಟರ್ ಅಡಿಯ ಬೆನ್ನು

ವಾರಕ್ಕೊಬ್ಬರಾದರೂ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿ ಹೋಗುತ್ತಾರೆ. ಮೊದಮೊದಲು ಅಳು ಬರುತ್ತಿತ್ತು. ಈಗ ಯಾರೂ ಹಾಗೆ ನೋಡದ ವಾರ ಬಂದರೆ ಏನೋ ಎಡವಟ್ಟಾಗಿದೆ ಅಂತ ನನಗೇ ಅನುಮಾನ ಬರುತ್ತದೆ.

ನಾನು ಬೊಮ್ಮಸಂದ್ರದ ಕಡೆ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿದ್ದೇನೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ರೋಗಿಗಳಿಗೆ ವಿಷಯ ಬಿಡಿಸಿ ಹೇಳುವುದು, ಒಪ್ಪಿಗೆ ಪಡೆಯುವುದು, ಆಮೇಲೆ ವರ್ಷವಿಡೀ ಅವರ ಬೆನ್ನು ಹತ್ತುವುದು ನನ್ನ ಕೆಲಸ. ಸಂಶೋಧನೆ ಇಷ್ಟೇ: ಬೆನ್ನುಮೂಳೆಯ ಡಿಸ್ಕ್ ಜಾರಿ ಕಾಲಿನ ನರ ಒತ್ತಿಕೊಂಡವರಲ್ಲಿ, ಆಪರೇಷನ್ ಮಾಡಿದರೂ ಸರಿ, ಮಾತ್ರೆ ವ್ಯಾಯಾಮ ಕೊಟ್ಟರೂ ಸರಿ ಎಂದು ಡಾಕ್ಟರಿಗೆ ಅನ್ನಿಸಿದವರನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಅರ್ಧ ಜನಕ್ಕೆ ಅದು, ಅರ್ಧ ಜನಕ್ಕೆ ಇದು. ಯಾರಿಗೆ ಯಾವುದು ಎನ್ನುವ ಚೀಟಿ ಎತ್ತುವುದು ಕಂಪ್ಯೂಟರ್. ಒಂದು ವರ್ಷದ ಮೇಲೆ ಅವರೆಲ್ಲ ಎಷ್ಟು ಬಗ್ಗುತ್ತಾರೆ, ಎಷ್ಟು ನಡೆಯುತ್ತಾರೆ, ಎಷ್ಟು ಭಾರ ಎತ್ತುತ್ತಾರೆ ಎಂದು ಪರೀಕ್ಷೆ. ಇದರಲ್ಲಿ ಅನುಮಾನ ಪಡುವುದಕ್ಕೆ ಏನಿದೆ ಅಂತ ಕೇಳುತ್ತೀರಿ. ಬನ್ನಿ, ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡಿ.

ಇಷ್ಟ ಬಂದಾಗ ಬಿಡಬಹುದು

ನಾಗಸಂದ್ರದಿಂದ ಒಬ್ಬ ಹಿರಿಯರು ಹೆಂಡತಿಯ ಜೊತೆ ಬಂದಿದ್ದರು. ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರು, ಯೂನಿಯನ್ನಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಸೊಂಟ ಹಿಡಿದುಕೊಂಡೇ ಕನ್ನಡಕ ಹಾಕಿಕೊಂಡು, ಒಪ್ಪಿಗೆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಸ್ಕ್ಯಾನಿಂಗಿಗೆ ದುಡ್ಡು ಕೊಡಬೇಕಾಗಿಲ್ಲ ಅಂದಿದ್ದಕ್ಕೆ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ಹೆಸರು ಗುಟ್ಟಾಗಿಡುತ್ತೇವೆ ಅಂದಿದ್ದಕ್ಕೆ ಇನ್ನೊಂದಿಷ್ಟು ಹೋಯಿತು. ‘ಯಾವಾಗ ಬೇಕಾದರೂ, ಕಾರಣ ಕೊಡದೆ, ನೀವು ಇದರಿಂದ ಹೊರಬರಬಹುದು’ ಎನ್ನುವ ಸಾಲಿಗೆ ಬಂದಾಗ ಪತ್ರವನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು.

ಇದು ನಿಮ್ಮ ಒಳ್ಳೆಯದಕ್ಕೇ ಇರುವ ಸಾಲು ಸಾರ್, ನಿಮ್ಮ ಮೇಲೆ ಯಾರೂ ಒತ್ತಾಯ ಮಾಡಬಾರದು ಅಂತ, ಎಂದು ನಾನು ವಿವರಿಸಿದೆ. ಅವರು ಹೆಂಡತಿಯ ಕಡೆ ತಿರುಗಿ, ಕೇಳಿಸಿಕೊಂಡೆಯಾ ಎನ್ನುವ ಹಾಗೆ ತಲೆಯಾಡಿಸಿದರು.

"ನಮ್ಮ ಫ್ಯಾಕ್ಟರಿಯಲ್ಲೂ ಹಿಂಗೇ ಹೇಳಿದ್ರಮ್ಮ, ಇಷ್ಟ ಇದ್ದೋರು ಕೆಲಸ ಬಿಡಬಹುದು, ಬಲವಂತ ಇಲ್ಲ ಅಂತ. ನಾವು ಬಿಡಲಿಲ್ಲ. ಆಮೇಲೆ ಅವರು ಫ್ಯಾಕ್ಟರೀನೇ ಬಿಟ್ಟು ಹೋದ್ರು."

ಕಂಪ್ಯೂಟರಿಗೆ ಚಾಡಿ ಹೇಳಿದ್ದು ಯಾರು

ಹೂಡಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಕೆಲಸಕ್ಕಿದ್ದ ರಾಯಚೂರಿನ ಒಬ್ಬರು, ಮತ್ತು ಅದೇ ಹೂಡಿಯಲ್ಲಿ ಕಟ್ಟಿ ಮುಗಿದ ಅಪಾರ್ಟ್‌ಮೆಂಟಿನಲ್ಲಿದ್ದ ಒಬ್ಬ ಸಾಫ್ಟ್‌ವೇರ್ ಮಹಾಶಯರು, ಒಂದೇ ದಿನ ಬಂದರು. ಇಬ್ಬರಿಗೂ ಒಂದೇ ಕಾಲಿನಲ್ಲಿ ನೋವು. ಹೊರಗೆ ಬೆಂಚಿನ ಮೇಲೆ ಕೂತು, ಯಾವ ಕಡೆ ಮಲಗಿದರೆ ಸುಖ ಅಂತ ಮಾತಾಡಿಕೊಂಡು ಸ್ನೇಹಿತರೇ ಆಗಿಬಿಟ್ಟಿದ್ದರು. ನಾನು ಇಬ್ಬರನ್ನೂ ಒಳಗೆ ಕರೆದು, ಅವರೆದುರೇ ಗುಂಡಿ ಒತ್ತಿದೆ. ಸಾಫ್ಟ್‌ವೇರಿನವರಿಗೆ ಆಪರೇಷನ್ ಬಂತು. ರಾಯಚೂರಿನವರಿಗೆ ವ್ಯಾಯಾಮ ಬಂತು.

ಸಾಫ್ಟ್‌ವೇರಿನವರು ತಕ್ಷಣ, ಈ ಪ್ರೋಗ್ರಾಂ ಬರೆದವರು ಯಾರು, ಅದನ್ನು ಒಮ್ಮೆ ನೋಡಬಹುದಾ ಅಂತ ಕೇಳಿದರು. ಅವರ ಅನುಮಾನ ಅವರ ಕಸುಬಿಗೆ ತಕ್ಕ ಹಾಗಿತ್ತು. ರಾಯಚೂರಿನವರು ಮಾತ್ರ ಕಂಪ್ಯೂಟರನ್ನೇ ದಿಟ್ಟಿಸುತ್ತಾ ನಿಂತರು. ಬೇಜಾರಾಯಿತಾ ಅಣ್ಣ, ಬೇಡ ಅಂದರೆ ಬಿಡಬಹುದು, ಎಂದು ಕೇಳಿದೆ. ಬೇಜಾರಿಲ್ಲ, ವ್ಯಾಯಾಮ ಮಾಡುತ್ತೇನೆ, ಆದರೆ ಒಂದು ವಿಷಯ ತಿಳಿಯಬೇಕು ಅಂದರು.

"ಸಣ್ಣಾವ ಇದ್ದಾಗಿಂದ ಸಿಮೆಂಟ್ ಚೀಲ ಹೊತ್ತು ಮ್ಯಾಲ ಹತ್ತೀನ್ರೀ ಅಕ್ಕಾರ. ನನಗ ವ್ಯಾಯಾಮ ಕಮ್ಮಿ ಆಗ್ಯದ ಅಂತ ಇದಕ್ಕ ಹೇಳಿದವ್ರ್ಯಾರು?"

ಸೊನ್ನೆಯಿಂದ ಹತ್ತು

ತಿಂಗಳಿಗೊಮ್ಮೆ ಎಲ್ಲರಿಗೂ ಫೋನ್ ಮಾಡಿ ನೋವು ಎಷ್ಟಿದೆ ಅಂತ ಕೇಳಬೇಕು. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು, ಮಧ್ಯದಲ್ಲಿ ಎಲ್ಲಿದ್ದೀರಿ ಹೇಳಿ ಅಂತ. ಫೋನಿನಲ್ಲೇ ಬ್ಯಾಂಕಿನ ಪಿನ್ ಕೇಳಿ ದುಡ್ಡು ಎತ್ತುವವರಿರುವ ಈ ಊರಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಮಾಡಿ ‘ಒಂದು ನಂಬರ್ ಹೇಳಿ’ ಎಂದು ಕೇಳುವ ಹೆಂಗಸಿನ ಪಾಡು ಏನಾಗುತ್ತದೆ ಅಂತ ನಮ್ಮ ಸಂಶೋಧನೆ ರೂಪಿಸಿದ ದೊಡ್ಡವರು ಯೋಚಿಸಿರಲಿಲ್ಲ.

ವೈಟ್‌ಫೀಲ್ಡಿನಲ್ಲಿ ಬ್ಯಾಂಕಿನ ಉದ್ಯೋಗಿಯೊಬ್ಬರಿದ್ದರು. ನಮ್ಮಲ್ಲೇ ಆಪರೇಷನ್ ಮಾಡಿಸಿಕೊಂಡವರು, ಡಿಸ್ಚಾರ್ಜ್ ದಿನ ನನ್ನ ಕೈಗೆ ಮೈಸೂರುಪಾಕ್ ಕೊಟ್ಟು ಹೋದವರು. ಫೋನಿನಲ್ಲಿ ನಾನು ಯಾರೆಂದು ಹೇಳಿದರೆ ನಂಬಲೇ ಇಲ್ಲ. ನಿಮಗೆ ಯಾವ ಡಾಕ್ಟರ್ ಆಪರೇಷನ್ ಮಾಡಿದ್ದು, ಯಾವ ವಾರ್ಡಿನಲ್ಲಿದ್ದಿರಿ ಎಂದೆಲ್ಲ ಹೇಳಿದೆ. ಅದರಿಂದ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಇಷ್ಟೆಲ್ಲ ಮಾಹಿತಿ ಎಲ್ಲಿ ಕದ್ದಿರಿ ಅಂತ ಕೇಳಿದರು. ಕೊನೆಗೆ ಮೈಸೂರುಪಾಕಿನ ವಿಷಯ ಎತ್ತಿದೆ. ಹೌದು, ಕೊಟ್ಟಿದ್ದು ನಿಜ ಅಂದರು. ನಾನು ಗೆದ್ದೆ ಅಂದುಕೊಂಡು, ಸಾರ್, ಸೊನ್ನೆಯಿಂದ ಹತ್ತರೊಳಗೆ ಒಂದೇ ಒಂದು ಅಂಕಿ ಹೇಳಿಬಿಡಿ ಸಾಕು, ಅಂದೆ.

"ಗೊತ್ತು ಬಿಡಮ್ಮ. ಇವತ್ತು ಒಂದಂಕಿ ಹೇಳಿಸ್ತೀರ, ಮಿಕ್ಕಿದ್ದು ತಿಂಗಳಿಗೊಂದರಂತೆ ಕೇಳ್ತೀರ."

ತಿಂಗಳಿಗೊಮ್ಮೆ ಫೋನ್ ಮಾಡುವುದಂತೂ ನಿಜವೇ ಆಗಿತ್ತು.

ಏನೂ ಗೊತ್ತಿರಬಾರದ ಮೇಡಂ

ವರ್ಷದ ಕೊನೆಯ ಪರೀಕ್ಷೆ ಮಾಡುವವರು ನಮ್ಮ ಫಿಸಿಯೋಥೆರಪಿ ಮೇಡಂ. ಯಾರಿಗೆ ಆಪರೇಷನ್ ಆಗಿದೆ, ಯಾರಿಗೆ ಆಗಿಲ್ಲ ಎಂಬುದು ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ಆಪರೇಷನ್ ಆದವರಿಗೆ ಧಾರಾಳವಾಗಿಯೋ ಬಿಗಿಯಾಗಿಯೋ ಅಂಕ ಬಿದ್ದುಬಿಡಬಹುದು, ಆ ರೋಗಿಯ ಇಡೀ ವರ್ಷದ ಲೆಕ್ಕ ಕಸದ ಬುಟ್ಟಿಗೆ. ಅದಕ್ಕೇ ಎಲ್ಲರ ಬೆನ್ನಿಗೂ, ಗಾಯದ ಗುರುತು ಇರಲಿ ಇಲ್ಲದಿರಲಿ, ಅಂಗೈ ಅಗಲದ ಬಿಳಿ ಪ್ಲಾಸ್ಟರ್ ಅಂಟಿಸಿ ಒಳಗೆ ಕಳಿಸುತ್ತೇನೆ. ಮೇಡಂ ಕೇಳಿದರೂ ಬಾಯಿ ಬಿಡಬೇಡಿ ಅಂತ ಬಾಗಿಲಲ್ಲಿ ಹೇಳಿ ಕಳಿಸುತ್ತೇನೆ.

ಮೇಡಂಗೆ ಇದು ದೊಡ್ಡ ಅವಮಾನ. ಇಡೀ ಆಸ್ಪತ್ರೆಯಲ್ಲಿ ವಾಚ್‌ಮನ್‌ಗೂ ಗೊತ್ತಿರುವ ಸಂಗತಿ ತನಗೊಬ್ಬಳಿಗೇ ಗೊತ್ತಿಲ್ಲ ಅಂದರೆ ಯಾರಿಗಾದರೂ ಉರಿಯುತ್ತದೆ. ಮುಖ ನೋಡಿಯೇ ಹೇಳುತ್ತೇನೆ ಅಂತ ಅವರ ಹಟ. ರೋಗಿಗಳಿಗೆ ನನ್ನ ಹೆದರಿಕೆ, ಮೇಡಂಗೆ ರೋಗಿಗಳ ಮೇಲೆ ಅನುಮಾನ, ನನಗೆ ಇಬ್ಬರ ಮೇಲೂ. ಒಂದು ದಿನ ಪೀಣ್ಯದ ಒಬ್ಬ ವೆಲ್ಡರನ್ನು ಒಳಗೆ ಕಳಿಸಿ ಐದು ನಿಮಿಷವಾಗಿರಲಿಲ್ಲ, ಮೇಡಂ ಕೆಂಪಾಗಿ ಹೊರಬಂದರು. ಹೆಸರು ಕೇಳಿದರೆ ಹೇಳುತ್ತಿಲ್ಲವಂತೆ. ನಾನು ಹೋಗಿ ಯಾಕಣ್ಣ ಅಂದರೆ ಆತ ನನ್ನನ್ನು ಪಕ್ಕಕ್ಕೆ ಕರೆದು, ಮೊದಲು ಹೆಸರು ಅಂತಾರೆ, ಆಮೇಲೆ ಊರು ಅಂತಾರೆ, ಹಂಗೇ ಮಾತಲ್ಲಿ ಎಳ್ಕೊಂಡು ಹೋಗ್ತಾರೆ ಅಕ್ಕ, ನಾನು ಇಂಥೋರನ್ನ ಸುಮಾರು ನೋಡಿದ್ದೀನಿ, ಅಂದ.

ಹುಡುಗನ ಬೆನ್ನು

ಇದೆಲ್ಲಕ್ಕೂ ಕಳಶ ಇಟ್ಟವನು ಹೆಬ್ಬಗೋಡಿಯ ಒಬ್ಬ ಹುಡುಗ. ಹುಡುಗ ಅಂದರೆ ಮದುವೆಯ ಮಾತಿನಲ್ಲಿ ಹುಡುಗ, ಫ್ಯಾಕ್ಟರಿಯಲ್ಲಿ ಲೋಹ ಕೊರೆಯುವ ಸಿಎನ್‌ಸಿ ಯಂತ್ರ ನಡೆಸುವ ಗಟ್ಟಿ ಆಳು. ನಮ್ಮಲ್ಲಿ ಚಿಕಿತ್ಸೆಯಾಗಿ ನೋವು ಹೋಗಿ, ಕೆಲಸಕ್ಕೂ ವಾಪಸು ಹೋಗಿದ್ದ. ವರ್ಷದ ಪರೀಕ್ಷೆಗೆ ಇನ್ನೇನು ತಿಂಗಳಿದೆ ಅನ್ನುವಾಗ ಅವನಿಗೆ ಆನೇಕಲ್ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿ ಅವನಿಗೆ ಒಪ್ಪಿಗೆ, ಅವನು ಹುಡುಗಿಗೆ ಒಪ್ಪಿಗೆ. ಅಷ್ಟರಲ್ಲಿ ಅಕ್ಕಪಕ್ಕದವರು ಯಾರೋ, ಹುಡುಗ ಹೋದ ವರ್ಷ ಹಾಸಿಗೆ ಹಿಡಿದಿದ್ದ ಅಂತ ಹೆಣ್ಣಿನ ಕಡೆಯವರ ಕಿವಿಗೆ ಹಾಕಿದರು.

ಹುಡುಗಿಯ ಸೋದರಮಾವ ಆ ಮನೆಗೆ ಹಿರಿಯರು, ಅವರು ಹೂಂ ಅಂದರೆ ಮಾತ್ರ ಮದುವೆ. ಬೆನ್ನಿಗೆ ಆಪರೇಷನ್ ಆಗಿದ್ದರೆ ಈ ಸಂಬಂಧ ಬೇಡವೇ ಬೇಡ ಅಂದುಬಿಟ್ಟರು. ನೇರವಾಗಿ ಹುಡುಗನನ್ನೇ ಕೇಳಿದರು. ಇವನು, ಬೆನ್ನು ನೋವಿತ್ತು, ವಾಸಿಯಾಗಿದೆ, ಹೇಗೆ ವಾಸಿಯಾಯಿತು ಅಂತ ಮುಂದಿನ ತಿಂಗಳು ಹೇಳುತ್ತೇನೆ ಅಂದನಂತೆ. ಯಾವ ಸೋದರಮಾವ ತಾನೇ ಇಂಥ ಉತ್ತರ ನಂಬುತ್ತಾನೆ.

ನಾನು ಅವನನ್ನು ಕರೆಸಿ ಬುದ್ಧಿ ಹೇಳಿದೆ. ಗುಟ್ಟು ಮೇಡಂಗೆ ಮಾತ್ರ ಕಣಪ್ಪ, ನಿನ್ನ ಬೀಗರಿಗೆ ಹೇಳಿದರೆ ನಮಗೇನೂ ತೊಂದರೆ ಇಲ್ಲ, ಮದುವೆ ಕೆಡಿಸಿಕೊಳ್ಳಬೇಡ, ಎಂದೆ. ಅವನು ಒಪ್ಪಲಿಲ್ಲ.

"ಬೀಗರು ಯಾರಿಗ್ ಹೇಳ್ತಾರೋ, ಅವರು ಇನ್ಯಾರಿಗೋ, ಕೊನೆಗೆ ಮೇಡಂಗೂ ಮುಟ್ಟುತ್ತೆ. ನಮ್ ಫ್ಯಾಕ್ಟರಿಯಲ್ಲಿ ಇನ್ಸ್‌ಪೆಕ್ಷನ್ ಆಗೋ ತನಕ ಪೀಸ್ ಬಗ್ಗೆ ಯಾರೂ ಬಾಯಿ ಬಿಡಲ್ಲ ಅಕ್ಕ."

ಮಾರನೇ ದಿನ ಅವನ ತಾಯಿ ಬಂದರು. ಆಪರೇಷನ್ ಆಗಿಲ್ಲ ಅಂತ ನಾನೊಂದು ಮಾತು ಹೇಳಿಬಿಡಬೇಕಂತೆ, ಆಗಿದ್ದರೂ ಸರಿ. ಇಷ್ಟು ವರ್ಷಕ್ಕೆ ಕೂಡಿ ಬಂದಿರುವ ಸಂಬಂಧ ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ನಿಜವಾಗಿಯೂ ಸಂಕಟವಾಯಿತು. ರೋಗಿಯ ವಿಷಯ ನಾನು ಯಾರಿಗೂ ಹೇಳುವ ಹಾಗಿಲ್ಲ, ಸುಳ್ಳನ್ನಂತೂ ಹೇಳುವ ಹಾಗೇ ಇಲ್ಲ ಅಂದೆ. ಹೋಗುವಾಗ ಅವರು ನನ್ನನ್ನು ನೋಡಿದ ನೋಟದಲ್ಲಿ, ಇವಳು ತನ್ನ ಕಡೆಯ ಯಾವುದೋ ಹುಡುಗಿಯನ್ನು ನನ್ನ ಮಗನಿಗೆ ಗಂಟುಹಾಕಲು ನೋಡುತ್ತಿದ್ದಾಳೆ ಅನ್ನುವ ಅನುಮಾನ ಸ್ಪಷ್ಟವಾಗಿ ಕಾಣುತ್ತಿತ್ತು.

ಅದಾಗಿ ಮೂರು ದಿನಕ್ಕೆ ಬಿಳಿ ಪಂಚೆಯ ಹಿರಿಯರೊಬ್ಬರು ಸೊಂಟ ಹಿಡಿದುಕೊಂಡು ನಮ್ಮ ಓಪಿಡಿಗೆ ಬಂದರು. ಬರುವಾಗ ಬಲಗಾಲು ಎಳೆಯುತ್ತಿದ್ದರು, ನೀರು ಕುಡಿದು ಬಂದಮೇಲೆ ಎಡಗಾಲು ಎಳೆಯುತ್ತಿದ್ದರು. ಬೆಂಚಿನ ಮೇಲಿದ್ದವರನ್ನೆಲ್ಲ, ಹೆಬ್ಬಗೋಡಿಯ ಸಿಎನ್‌ಸಿ ಹುಡುಗ ಯಾರಿಗಾದರೂ ಗೊತ್ತಾ, ಅವನಿಗೆ ಏನು ಮಾಡಿದರು ಅಂತ ವಿಚಾರಿಸುತ್ತಿದ್ದರು. ಸೋದರಮಾವನೇ ಪತ್ತೇದಾರಿಗೆ ಇಳಿದಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ನಾನು ಹೋಗಿ ಮಾತಾಡಿಸುವಷ್ಟರಲ್ಲಿ ಡಾಕ್ಟರ್ ಅವರನ್ನು ಒಳಗೆ ಕರೆದುಬಿಟ್ಟಿದ್ದರು.

ಒಳಗೆ ನಡೆದಿದ್ದನ್ನು ಆಮೇಲೆ ಅವರೇ ನನಗೆ ಹೇಳಿಕೊಂಡರು. ನಾಟಕ ಗೊತ್ತಾಗಬಾರದು ಅಂತ ಡಾಕ್ಟರ್ ಎಲ್ಲಿ ಮುಟ್ಟಿದರೂ ಅಯ್ಯೋ ಅಂದರಂತೆ. ಇಷ್ಟೊಂದು ನರಳುತ್ತಿದ್ದಾರಲ್ಲ ಅಂತ ಡಾಕ್ಟರ್ ಗಾಬರಿಯಾಗಿ ಸ್ಕ್ಯಾನಿಂಗಿಗೆ ಬರೆದರು. ಅಷ್ಟು ನರಳಿದ ಮೇಲೆ ಬೇಡ ಅನ್ನುವುದು ಹೇಗೆ, ಇವರೂ ಹೋಗಿ ಮಲಗಿದರು. ನೋಡಿದರೆ ಡಿಸ್ಕ್ ಒಂದು ನಿಜವಾಗಿಯೂ ಉಬ್ಬಿಕೊಂಡಿದೆ. ನಿಮ್ಮ ವಯಸ್ಸಿನಲ್ಲಿ ಇದು ಎಷ್ಟೋ ಜನಕ್ಕೆ ಇರುತ್ತದೆ, ನೋವಿಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಆದರೆ ನಿಮಗೆ ಇಷ್ಟೊಂದು ನೋವಿದೆಯಲ್ಲ, ಅಂದರಂತೆ ಡಾಕ್ಟರ್. ಸೋದರಮಾವನಿಗೆ ಬೆವರು ಕಿತ್ತುಕೊಂಡಿತು. ನೋವಿಲ್ಲ ಸ್ವಾಮಿ, ಸುಮ್ಮನೆ ನರಳಿದೆ, ಎಂದು ಒಪ್ಪಿಕೊಂಡರು. ಈಗ ಡಾಕ್ಟರ್ ನಂಬಲಿಲ್ಲ. ಆಪರೇಷನ್ ಅಂದರೆ ಎಲ್ಲರೂ ಹೀಗೇ ಹೆದರಿ ನೋವು ಮುಚ್ಚಿಡುತ್ತಾರೆ, ಮನೆಯವರನ್ನು ಕರೆದುಕೊಂಡು ಬನ್ನಿ, ಅಂತ ಬೆನ್ನು ತಟ್ಟಿ ಕಳಿಸಿದರು. ಆ ತಟ್ಟಿದ ಜಾಗ ಆವತ್ತಿನಿಂದ ನೋಯುತ್ತಿದೆ ಅಂತ ಸೋದರಮಾವ ನನ್ನ ಮುಂದೆ ಆಣೆ ಮಾಡಿದರು.

ಪರೀಕ್ಷೆಯ ದಿನ ಎರಡೂ ಮನೆಯವರು ಆಸ್ಪತ್ರೆಗೇ ಬಂದರು. ಒಳಗಿಂದ ಬಂದ ತಕ್ಷಣ ಹುಡುಗ ಹೇಳಬೇಕು, ಹೇಳುವಾಗ ನಾನೂ ಎದುರಿಗಿರಬೇಕು, ಆಗ ಅವನು ಸುಳ್ಳು ಹೇಳುವ ಹಾಗಿಲ್ಲ ಎಂಬುದು ಹೆಣ್ಣಿನ ಕಡೆಯವರ ಷರತ್ತು. ಹುಡುಗನೂ ಅದಕ್ಕೆ ಒಪ್ಪಿದ್ದ. ಮೇಡಂ ಅವನನ್ನು ಬಗ್ಗಿಸಿದರು, ನಡೆಸಿದರು, ಭಾರ ಎತ್ತಿಸಿದರು. ಎಲ್ಲ ಬರೆದು ಮುಗಿಸಿದ ಮೇಲೆ ಪೆನ್ನಿನ ಕ್ಯಾಪ್ ಹಾಕುತ್ತಾ, ಇವನಿಗೆ ಚಾಕು ಮುಟ್ಟಿಯೇ ಇಲ್ಲ, ಬರೀ ವ್ಯಾಯಾಮ, ನನ್ನ ಕಣ್ಣಿಗೆ ಮಣ್ಣೆರಚಬೇಡಿ ಅಂತ ನನಗೆ ಹೇಳಿದರು. ನಾನು ನಗು ತಡೆದುಕೊಂಡು ಹುಡುಗನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದೆ.

ಕಾಫಿ ಬಂದಿತ್ತು, ಯಾರೂ ಮುಟ್ಟಿರಲಿಲ್ಲ. ಹುಡುಗಿ ತಲೆ ತಗ್ಗಿಸಿ ಲೋಟವನ್ನೇ ನೋಡುತ್ತಿದ್ದಳು. ಹುಡುಗ ಕುರ್ಚಿಯಲ್ಲಿ ನೆಟ್ಟಗೆ ಕೂತು, ಆಪರೇಷನ್ ಆಗಿದೆ ಅಂದ. ಹುಡುಗಿಯ ತಾಯಿಯ ಮುಖ ಬಾಡಿತು. ಹುಡುಗನ ತಾಯಿ, ಎಲ್ಲ ಮುಗಿಯಿತು ಅನ್ನುವ ಹಾಗೆ ಕಣ್ಣು ಮುಚ್ಚಿಕೊಂಡರು. ಎಲ್ಲರೂ ಸೋದರಮಾವನ ಕಡೆ ತಿರುಗಿದೆವು.

ಸೋದರಮಾವ ಕುರ್ಚಿಯನ್ನು ಹುಡುಗನ ಪಕ್ಕಕ್ಕೇ ಎಳೆದುಕೊಂಡರು. ನೋವು ಹೋಯಿತಾ ಅಂತ ಕೇಳಿದರು. ಹೋಯಿತು ಅಂದ. ಪೂರ್ತಿ? ಪೂರ್ತಿ. ನೆಲದ ಮೇಲೆ ಕೂರೋಕೆ ಆಗುತ್ತಾ, ಗಾಡಿ ಓಡಿಸೋಕೆ ಆಗುತ್ತಾ, ಆಪರೇಷನ್ ದಿನ ರಾತ್ರಿ ನಿದ್ದೆ ಬಂತಾ, ಡಾಕ್ಟರ ಕೈ ಹೇಗೆ, ಹೀಗೆ ಒಂದರ ಮೇಲೊಂದು ಕೇಳುತ್ತಲೇ ಹೋದರು. ಎಲ್ಲ ಕೇಳಿ, ದೊಡ್ಡದಾಗಿ ಉಸಿರು ಬಿಟ್ಟು, ತಂಗಿಯ ಕಡೆ ತಿರುಗಿ, ಹುಡುಗ ಅಪ್ಪಟ ಚಿನ್ನ, ಇನ್ನು ಯೋಚನೆ ಮಾಡುವಂಥದ್ದೇನಿಲ್ಲ ಅಂದರು. ಆಪರೇಷನ್ ಆಗಿದ್ದರೆ ಬೇಡವೇ ಬೇಡ ಅಂದಿದ್ದು ನೀವೇ ಅಲ್ಲವಾ ಅಣ್ಣ ಅಂತ ತಂಗಿ ಕಂಗಾಲಾಗಿ ಕೇಳಿದರೆ, ಅದು ಆಗ ಅಂದರು. ಅಂದವರೇ ಮೇಜಿನ ಕೆಳಗಿನ ಚೀಲದಿಂದ ಸ್ಕ್ಯಾನಿಂಗಿನ ದೊಡ್ಡ ಕವರ್ ತೆಗೆದು, ಒಳಗಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ನಿಂದೂ ಇದೇ ಜಾಗಾನಾ ನೋಡಪ್ಪ ಅಂತ ಭಾವೀ ಅಳಿಯನನ್ನು ಕೇಳಿದರು.

ಮದುವೆ ಆಮೇಲೆ ಆಯಿತು, ನಾನೂ ಹೋಗಿ ಊಟ ಮಾಡಿ ಬಂದೆ. ಆದರೆ ಆವತ್ತು ಆ ಕ್ಯಾಂಟೀನಿನಲ್ಲಿ ಅದು ಇನ್ನೇನು ಮುರಿದುಬೀಳುವುದರಲ್ಲಿತ್ತು. ಯಾಕೆಂದರೆ ಹುಡುಗನ ತಾಯಿ ಕಣ್ಣು ತೆರೆದಿದ್ದರು. ಫಿಲ್ಮ್ ನೋಡಿದರು, ಸೋದರಮಾವನನ್ನು ನೋಡಿದರು, ಹುಡುಗಿಯ ಬೆನ್ನನ್ನು ನೋಡಿದರು. ಆಮೇಲೆ ಕಾಫಿ ಲೋಟವನ್ನು ಮೆಲ್ಲಗೆ ದೂರ ಸರಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಮಗನ ಕಿವಿಯಲ್ಲಿ ಹೇಳಿದರು:

"ನಮ್ದೇನೋ ರಿಪೇರಿ ಆಗಿ ಚೆಕಿಂಗೂ ಆಯ್ತು ಕಣ್ಲಾ. ಇವರ್ ಮನೇದು ಇನ್ನೂ ಬಿಚ್ಚೇ ಇಲ್ಲ. ಒಂದ್ ದಪ ಯೋಚ್ನೆ ಮಾಡಿ ಯೋಳಾನ."