ವಾಸ್ಕೊತ್ತೊ ಅವರ ಯಂತ್ರಕ್ಕೆ ತಕ್ಕ ಗ್ರೈಂಡರ್

ಇಟಲಿಯ ತ್ರಿಯೆಸ್ತೆಯ ಬಂದರಿನ ಹಿಂದಿರುವ ನಮ್ಮ ಕಟ್ಟಡದಲ್ಲಿ ಅತ್ಯುತ್ತಮವಾದ ಎಸ್ಪ್ರೆಸೊ ಯಂತ್ರವೊಂದಿದೆ. ಅದು ಸುಸ್ಥಿತಿಯಲ್ಲಿದೆ. ಅದರಿಂದ ಈವರೆಗೆ ಒಂದು ಹನಿ ಕಾಫಿಯೂ ಬಂದಿಲ್ಲ. ಈ ಮೂರೂ ಸಂಗತಿಗಳನ್ನು ನಿವಾಸಿಗಳ ಸಭೆ ಸರ್ವಾನುಮತದಿಂದ ದೃಢಪಡಿಸಿದೆ.

ಯಂತ್ರವನ್ನು ಕೊಂಡವರು ನಾಲ್ಕನೇ ಮಹಡಿಯ ಇಂಜಿನಿಯರ್ ಎಜಿದಿಯೊ ವಾಸ್ಕೊತ್ತೊ. ಮನೆಯಲ್ಲಿಡುವಂಥದ್ದೇ. ಆದರೆ ಅರ್ಧ ಅಡುಗೆಮನೆ ಅದಕ್ಕೇ ಹೋಯಿತು. ಬೀಜ ಸರಿಯಾಗಿ ಪುಡಿಯಾಗದಿದ್ದರೆ ಎಂಥ ಯಂತ್ರವೂ ದಂಡ ಎಂಬುದು ಅವರ ನಂಬಿಕೆ. ಯಂತ್ರಕ್ಕೆ ತಕ್ಕ ಗ್ರೈಂಡರ್ ಹುಡುಕುತ್ತ ಮೂರು ವರ್ಷ ಕಳೆದರು. ನಾಲ್ಕನೇ ವರ್ಷ ತೀರಿಕೊಂಡರು.

ಅವರ ಹೆಂಡತಿ ನೆರಿನಾ ಯಂತ್ರವನ್ನು ಕಟ್ಟಡಕ್ಕೇ ಕೊಟ್ಟರು. ಸಭೆಗೆ ಬಂದು ನಿಂತುಕೊಂಡೇ ಹೇಳಿದರು.

"ಅವರಿಗೇ ಗ್ರೈಂಡರ್ ಆರಿಸೋಕೆ ಆಗ್ಲಿಲ್ಲ. ನನ್ನ ಕೈಲಿ ಆಗತ್ತಾ? ನೀವು ಇಷ್ಟು ಜನ ಓದಿದೋರು ಇದ್ದೀರಿ. ಡಾಕ್ಟರು ನಂಗೆ ದಿನಕ್ಕೆ ಒಂದೇ ಕಾಫಿ ಅಂದಿದ್ದಾರೆ. ಆ ಒಂದನ್ನ ಇದರದ್ದೇ ಕುಡೀತೀನಿ. ಅಲ್ಲೀತನಕ ಕಾಫಿ ಮುಟ್ಟಲ್ಲ."

ಕಾಫಿಯಿಂದಲೇ ಬದುಕುವ ನಮ್ಮ ಊರಲ್ಲಿ ಇದು ಸಣ್ಣ ಮಾತಲ್ಲ. ಯಾರೋ ಕುರ್ಚಿ ತಂದುಕೊಟ್ಟರು.

ಯಂತ್ರವನ್ನು ಕೆಳಗಿನ ಹಜಾರಕ್ಕೆ ಇಳಿಸಲಾಯಿತು. ಗ್ರೈಂಡರ್ ಆಯ್ಕೆ ಸಮಿತಿಯನ್ನು ರಚಿಸಲಾಯಿತು. ಕಾರ್ಯದರ್ಶಿ ನಾನು. ನಾನು ಕಡಿಮೆ ಮಾತಾಡುವುದರಿಂದ ನಡಾವಳಿಯೂ ಚಿಕ್ಕದಾಗಿರುತ್ತದೆ ಎಂಬುದು ಕಾರಣ.

ಮೊದಲ ಸಭೆಯಲ್ಲೇ ಎರಡು ಪಕ್ಷಗಳಾದವು. ಗ್ರೈಂಡರಿನೊಳಗೆ ಬೀಜ ಅರೆಯುವ ಹಲ್ಲುಗಳಿರುತ್ತವೆ. ಚಪ್ಪಟೆ ಬಿಲ್ಲೆಯ ಹಲ್ಲೇ ಬೇಕೆಂದು ವಕೀಲ ದೆಗ್ರಾಸ್ಸಿ. ಶಂಕುವಿನಾಕಾರದ್ದೇ ಆಗಬೇಕೆಂದು ದಂತವೈದ್ಯ ಕ್ರಾವೊಸ್.

"ಹಲ್ಲಿನ ವಿಷಯ ನಂಗೆ ಬಿಡಿ ವಕೀಲ್ರೇ," ಎಂದರು ಕ್ರಾವೊಸ್.

"ನೀವು ಹಲ್ಲು ಕೀಳೋರು ಡಾಕ್ಟ್ರೇ. ನಮಗೆ ಇರೋ ಹಲ್ಲು ಬೇಕು."

ಮೂರನೇ ಮಹಡಿಯ ಹೊಸ ಬಾಡಿಗೆದಾರನೊಬ್ಬ, ಪುಡಿಯನ್ನೇ ಅಂಗಡಿಯಿಂದ ತಂದರಾಗದೇ ಎಂದು ಕೇಳಿದ. ಯಾರೂ ಅವನತ್ತ ನೋಡಲಿಲ್ಲ. ನಡಾವಳಿಯಲ್ಲಿ 'ಸದಸ್ಯರೊಬ್ಬರು ಕೆಮ್ಮಿದರು' ಎಂದು ಬರೆದೆ.

ಸಭೆಗಳು ಕಟ್ಟಡದ ಕೆಳಗೆ ಊಚೊ ಎಂಬವನ ಬಾರಿನಲ್ಲಿ ನಡೆಯುತ್ತಿದ್ದವು; ಬಾರ್ ಎಂದರೆ ನಮ್ಮಲ್ಲಿ ಕಾಫಿ ಅಂಗಡಿ. ಕಾಫಿ ಇಲ್ಲದೆ ಕಾಫಿಯ ವಿಷಯ ತೀರ್ಮಾನಿಸುವುದು ಕಷ್ಟ. ನೆರಿನಾ ಬಾಗಿಲ ಬಳಿ ಕೂತು ಬಾರ್ಲಿ ಕಷಾಯ ಕುಡಿಯುತ್ತಿದ್ದರು. ತಲೆನೋವಿಗೆ ಹಣೆಗೆ ಕರವಸ್ತ್ರ ಬಿಗಿದಿರುತ್ತಿದ್ದರು.

ಅಂಗಡಿಯವರು ಎರಡು ಗ್ರೈಂಡರುಗಳನ್ನು ಪರೀಕ್ಷೆಗೆ ಕೊಟ್ಟರು, ಪಕ್ಷಕ್ಕೊಂದು. ಕಟ್ಟಡದ ನಿಯಮದಂತೆ ಬೆಳಗ್ಗೆ ಎಂಟಕ್ಕೆ ಮೊದಲು ಸದ್ದು ನಿಷಿದ್ಧ. ಹಾಗಾಗಿ ಮೊದಲು ಸದ್ದಿನ ಪರೀಕ್ಷೆ. ಬೀಜ ಹಾಕಿ ನಡೆಸಲು ಬೀಜದ ಖರ್ಚಿಗೆ ಮಂಜೂರಾತಿ ಇರಲಿಲ್ಲ. ಬೀಜವಿಲ್ಲದೆ ನಡೆಸಿದೆವು. ಎರಡೂ ಹೇಳಿಕೊಳ್ಳುವಂಥ ಸದ್ದು ಮಾಡಲಿಲ್ಲ. ಎರಡೂ ಅರ್ಹವೆಂದು ಘೋಷಿಸಲಾಯಿತು.

ಮತದಾನ ನಡೆಯಿತು. ನಮ್ಮಲ್ಲಿ ಮತ ತಲೆಗೊಂದಲ್ಲ, ಮನೆಯ ಅಳತೆಗೆ. ಕಟ್ಟಡವನ್ನು ಸಾವಿರ ಪಾಲು ಮಾಡಿದೆ. ದೊಡ್ಡ ಮನೆಗೆ ಹೆಚ್ಚು ಪಾಲು, ದೊಡ್ಡ ಪಾಲಿಗೆ ದೊಡ್ಡ ಮತ. ವಕೀಲರ ಬಾಲ್ಕನಿ, ವೈದ್ಯರ ನೆಲಮಾಳಿಗೆ ಎಲ್ಲವನ್ನೂ ಕೂಡಿ ಕಳೆದಾಗ ಎರಡು ಪಕ್ಷಕ್ಕೂ ಸರಿಸಮ. ಉಳಿದದ್ದು ನೆರಿನಾರ ಚೀಟಿ ಒಂದೇ. ಅದನ್ನು ಬಿಡಿಸಿದೆ. 'ಯಾವುದಾದರೂ' ಎಂದಿತ್ತು.

"ಸಿನ್ಯೋರಾ, ಯಾವುದಾದ್ರೂ ಅಂತ ಗ್ರೈಂಡರ್ ಇಲ್ಲ," ಎಂದರು ವಕೀಲರು.

"ಹಾಗಾದ್ರೆ ಚಪ್ಪಟೇದೇ ತನ್ನಿ."

"ಅದೂ ಆಗಲ್ಲ," ಎಂದರು ವೈದ್ಯರು. "ಕಾಫಿ ಕುಡಿಯೋರು ನೀವು. ನಿಮಗೆ ಇದರಲ್ಲಿ ಸ್ವಂತ ಹಿತಾಸಕ್ತಿ ಇದೆ. ಮತ ಅಸಿಂಧು."

ವಕೀಲರು ಕಾನೂನನ್ನು ಗೌರವಿಸುವವರು. ತಮ್ಮ ಪಕ್ಷಕ್ಕೇ ನಷ್ಟವಾದರೂ ಒಪ್ಪಿದರು.

ನೆರಿನಾ ಕರವಸ್ತ್ರ ಬಿಚ್ಚಿ ಮತ್ತೆ ಬಿಗಿದರು. "ಎಜಿದಿಯೊ ಒಬ್ರೇ ಇದ್ದಾಗ ಮೂರು ವರ್ಷ," ಎಂದರು. "ನೀವು ಹದಿನಾಲ್ಕು ಜನ. ನಂಗೆ ಎಂಬತ್ತಾಯ್ತು. ಲೆಕ್ಕ ನೀವೇ ಹಾಕ್ಕೊಳ್ಳಿ."

ಯಾರೂ ಹಾಕಲಿಲ್ಲ. ಪರೀಕ್ಷೆಯ ಗಡುವು ಮುಗಿದು, ಅಂಗಡಿಯವರು ಬಂದು ಎರಡೂ ಗ್ರೈಂಡರುಗಳನ್ನು ಒಯ್ದರು.

ಬೋರಾ ಎಂಬ ನಮ್ಮೂರ ಚಳಿಗಾಳಿ ಬೀಸುತ್ತಿದ್ದ ಒಂದು ಬೆಳಗ್ಗೆ ನೆರಿನಾ ಹಜಾರದ ಮೆಟ್ಟಿಲ ಮೇಲೆ ಕೂತುಬಿಟ್ಟರು. ಏಳಲಾಗಲಿಲ್ಲ. ವಕೀಲರು, ವೈದ್ಯರು, ನಾನು ಸುತ್ತ ನೆರೆದೆವು. ಊಚೊ ಕಾಫಿಯ ಕಪ್ಪು ಹಿಡಿದು ಓಡಿ ಬಂದ, ಗಾಳಿಗೆ ತಟ್ಟೆ ಮುಚ್ಚಿಕೊಂಡು.

"ಕುಡೀರಿ ಸಿನ್ಯೋರಾ."

"ಯಂತ್ರದ್ದಾ?"

"ನನ್ನ ಬಾರಿಂದು."

"ಬೇಡ. ಮಾತು ಅಂದ್ರೆ ಮಾತು."

ಊಚೊ ಅತ್ತಿತ್ತ ನೋಡಿದ. ಕಪ್ಪನ್ನು ಯಂತ್ರದ ಮೂತಿಯ ಕೆಳಗೆ ಇಟ್ಟ. ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಕಪ್ಪು ತೆಗೆದು ಕೊಟ್ಟ.

"ಈಗ ಯಂತ್ರದ್ದು."

ನೆರಿನಾ ವಕೀಲರ ಮುಖ ನೋಡಿದರು. ವಕೀಲರು ಯೋಚಿಸಿದರು. ಯಂತ್ರದ ಕಾಫಿ ಎಂದರೇನೆಂದು ದಾನಪತ್ರದಲ್ಲಿ ಎಲ್ಲೂ ಹೇಳಿಲ್ಲ ಎಂದರು. ನೆರಿನಾ ಕುಡಿದರು. ಮುಖಕ್ಕೆ ಬಣ್ಣ ಬಂತು.

"ಪಾಪ ಎಜಿದಿಯೊ," ಎಂದರು. "ಸುಮ್ನೆ ಹೇಳ್ತಿರ್ಲಿಲ್ಲ. ಒಳ್ಳೇ ಯಂತ್ರ."

ವೈದ್ಯರೂ ಒಂದು ತರಿಸಿ, ಮೂತಿಯ ಕೆಳಗಿಟ್ಟು, ಕುಡಿದರು. ಶಂಕುವಿನ ಹಲ್ಲಿನ ರುಚಿ ಸ್ಪಷ್ಟವಾಗಿದೆ ಎಂದರು. ವಕೀಲರಿಗೆ ಚಪ್ಪಟೆ ಹಲ್ಲಿನದು ಸ್ಪಷ್ಟವಾಗಿತ್ತು. ಊಚೊನ ಬಾರಿನಲ್ಲಿರುವ ಗ್ರೈಂಡರಿನ ಹಲ್ಲು ಯಾವುದೆಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮುಂದಿನ ವಾರ ಹಜಾರದಲ್ಲಿ ಈ ಪ್ರಕಟಣೆ ಅಂಟಿಸಲಾಯಿತು:

'ಯಂತ್ರದ ಕೆಳಗೆ ಇಟ್ಟು, ದೀಪ ಹತ್ತಿಸಿ ತೆಗೆದ ಕಾಫಿಯನ್ನು ಯಂತ್ರದ ಕಾಫಿ ಎಂದೇ ಪರಿಗಣಿಸತಕ್ಕದ್ದು. ಬೇರೆ ಕಟ್ಟಡದವರಿಗೆ ಅವಕಾಶವಿಲ್ಲ.'

ಬೇರೆ ಕಟ್ಟಡದವರು ಅನ್ಯಾಯವೆಂದು ದೂರು ಕೊಟ್ಟಿದ್ದಾರೆ. ಅದನ್ನು ಪರಿಶೀಲಿಸಲು ಉಪಸಮಿತಿ ಇದೆ. ಈಗ ಬೆಳಗ್ಗೆ ಎಂಟಕ್ಕೆ ಮೊದಲು, ಸದ್ದಿಲ್ಲದೆ, ಕಪ್ಪು ಹಿಡಿದವರ ಸಾಲು ಬಾರಿನಿಂದ ಹಜಾರದವರೆಗೆ ಇರುತ್ತದೆ. ಮೊದಲು ನೆರಿನಾ.

ಗ್ರೈಂಡರ್ ಆಯ್ಕೆ ಸಮಿತಿಯನ್ನು ಕಾಯಂ ಮಾಡಲಾಗಿದೆ. ಆತುರ ಬೇಡವೆಂದು ಸೂಚಿಸಿದವರು ನೆರಿನಾ. ಗ್ರೈಂಡರ್ ಬಂದರೆ ರುಚಿ ಕೆಟ್ಟೀತು ಎಂಬುದು ಅವರ ಭಯ.

ನಾನೂ ಒಂದು ದಿನ ಬಾರಿನಲ್ಲೇ ನಿಂತು, ಯಂತ್ರದ ಕೆಳಗಿಡದೆ ಕುಡಿದು ನೋಡಿದೆ. ಏನೋ ಕಡಿಮೆಯಿತ್ತು.